ಮಲೆನಾಡಿನ ಹೈಸ್ಕೂಲಿಗೆ ಫೋಲ್ಡ್‌ಸ್ಕೋಪ್: ಯಾವ ಪಾಠಕ್ಕೆ ಸೈ, ಯಾವುದಕ್ಕೆ ಸಾಲದು

ಕಾಗದ ಮಡಚಿ ಮಾಡುವ ಸೂಕ್ಷ್ಮದರ್ಶಕವಾದ ಫೋಲ್ಡ್‌ಸ್ಕೋಪ್ ಕೊಳ್ಳೋಣವೇ ಬೇಡವೇ ಎಂದು ಯೋಚಿಸುತ್ತಿರುವ ಸಿ.ಬಿ.ಝಡ್ (ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ) ಶಿಕ್ಷಕರಿಗೆ ಉತ್ತರ ಮೊದಲೇ ಹೇಳಿಬಿಡಬಹುದು: ಕೊಳ್ಳಿ, ಆದರೆ ಲ್ಯಾಬಿನಲ್ಲಿರುವ ಹಳೆಯ ಸಂಯುಕ್ತ ಸೂಕ್ಷ್ಮದರ್ಶಕವನ್ನು ಬೀರುವಿಗೆ ಸೇರಿಸಬೇಡಿ. ಎರಡರ ಕೆಲಸ ಬೇರೆ ಬೇರೆ. ನಲವತ್ತು ಮಕ್ಕಳ ತರಗತಿಗೆ ಇರುವ ಒಂದೋ ಎರಡೋ ಸೂಕ್ಷ್ಮದರ್ಶಕದ ಮುಂದೆ ಸಾಲು ನಿಲ್ಲಿಸಿದರೆ ಒಬ್ಬೊಬ್ಬರ ಪಾಲಿಗೆ ಒಂದೆರಡು ನಿಮಿಷ ಸಿಕ್ಕರೆ ಹೆಚ್ಚು. ಇಣುಕಿದ ಮಗು ತನ್ನದೇ ರೆಪ್ಪೆಯ ನೆರಳು ನೋಡಿ "ಕಾಣ್ತು ಸಾರ್" ಎಂದು ಹೇಳಿ ಹೋಗಿಬಿಡುತ್ತದೆ. ಅದೇ ಪೀರಿಯಡ್ಡಿನಲ್ಲಿ ಇಬ್ಬರಿಗೊಂದು ಫೋಲ್ಡ್‌ಸ್ಕೋಪ್ ಕೊಟ್ಟರೆ ಪ್ರತಿಯೊಬ್ಬರೂ ಹತ್ತು ಹದಿನೈದು ನಿಮಿಷ ಹುಡುಕಿ, ಕಳೆದುಕೊಂಡು, ಮತ್ತೆ ಹುಡುಕಿ ನೋಡುತ್ತಾರೆ. ಈ ಸಮಯವೇ ಇದರ ನಿಜವಾದ ಲಾಭ. ಜೊತೆಗೆ ಇದಕ್ಕೆ ಒಗ್ಗುವ ಮಾದರಿಗಳು ಶಿವಮೊಗ್ಗ, ತೀರ್ಥಹಳ್ಳಿ, ಸಾಗರ, ಹೊಸನಗರದ ಕಡೆಯ ಶಾಲೆಗಳ ಕಾಂಪೌಂಡಿನ ಮೇಲೇ ಬೆಳೆಯುತ್ತವೆ.

ಇದು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮನು ಪ್ರಕಾಶ್ ಮತ್ತು ಜಿಮ್ ಸಿಬುಲ್ಸ್ಕಿ ರೂಪಿಸಿದ ಕಾಗದದ ಸೂಕ್ಷ್ಮದರ್ಶಕ. ವಿನ್ಯಾಸದ ವಿವರ 2014ರಲ್ಲಿ ಪ್ರಕಟವಾಯಿತು. ದಪ್ಪ ಹಾಳೆಯಿಂದ ತುಂಡುಗಳನ್ನು ಬಿಡಿಸಿ, ಗೆರೆಯ ಮೇಲೆ ಮಡಚಿ, ಒಂದರೊಳಗೊಂದು ಸೇರಿಸಿ, ಸಣ್ಣ ಗಾಜಿನ ಗುಂಡು ಇರುವ ಮಸೂರವನ್ನು ಕೂರಿಸಿದರೆ ಉಪಕರಣ ಸಿದ್ಧ. ಹಾಳೆ ಸಾಮಾನ್ಯ ಕಾಗದದಂತೆ ನೀರಿಗೆ ಮೆತ್ತಗಾಗುವುದಿಲ್ಲ, ಸುಲಭಕ್ಕೆ ಹರಿಯುವುದೂ ಇಲ್ಲ. ಲ್ಯಾಬಿನ ಸಾಮಾನ್ಯ ಗಾಜಿನ ಸ್ಲೈಡೂ ಇದರಲ್ಲಿ ಕೂರುತ್ತದೆ, ಮಧ್ಯೆ ತೂತಿರುವ ಕಾಗದದ ಸ್ಲೈಡೂ ಕೂರುತ್ತದೆ.

ವರ್ಧನೆ ಸುಮಾರು 140 ಪಟ್ಟು. ಎರಡು ಚುಕ್ಕೆಗಳನ್ನು ಬೇರೆಬೇರೆಯಾಗಿ ತೋರಿಸಬಲ್ಲ ಮಿತಿ ಸುಮಾರು 2 ಮೈಕ್ರೋಮೀಟರ್, ಅಂದರೆ ಮಿಲಿಮೀಟರಿನ ಐನೂರನೇ ಒಂದು ಭಾಗ. ಈ ಎರಡು ಅಂಕಿಗಳನ್ನು ನೆನಪಿನಲ್ಲಿಟ್ಟುಕೊಂಡರೆ ಯಾವ ಪಾಠ ಗೆಲ್ಲುತ್ತದೆ, ಯಾವುದು ಸೋಲುತ್ತದೆ ಎಂಬುದನ್ನು ತರಗತಿಗೆ ಹೋಗುವ ಮೊದಲೇ ಹೇಳಬಹುದು.

140 ಎಲ್ಲಿಂದ ಬಂತು ಎಂಬ ಲೆಕ್ಕವೇ ಹತ್ತನೇ ತರಗತಿಯ ಬೆಳಕಿನ ಪಾಠಕ್ಕೆ ಒಳ್ಳೆಯ ಉದಾಹರಣೆ. ಗಾಜಿನ ಗುಂಡಿನ ಸಂಗಮದೂರ ತಿಳಿಯಲು ವಕ್ರೀಭವನ ಸೂಚ್ಯಂಕವನ್ನು ವ್ಯಾಸದಿಂದ ಗುಣಿಸಿ, ಸೂಚ್ಯಂಕದಿಂದ 1 ಕಳೆದದ್ದರ ನಾಲ್ಕು ಪಟ್ಟಿನಿಂದ ಭಾಗಿಸಬೇಕು. ವ್ಯಾಸ 2.38 ಮಿ.ಮೀ., ಸೂಚ್ಯಂಕ 1.517 ಎಂದಿಟ್ಟುಕೊಂಡರೆ ಸಂಗಮದೂರ ಸುಮಾರು 1.75 ಮಿ.ಮೀ. ಸ್ಪಷ್ಟ ದೃಷ್ಟಿಯ ಕನಿಷ್ಠ ದೂರ 250 ಮಿ.ಮೀ. ಅದನ್ನು 1.75ರಿಂದ ಭಾಗಿಸಿದರೆ 143. ಮಸೂರದ ಸಾಮರ್ಥ್ಯ ಸುಮಾರು 571 ಡಯಾಪ್ಟರ್. ಸಹಪಾಠಿಯ ಕನ್ನಡಕದ ಎರಡು ಡಯಾಪ್ಟರಿನ ಪಕ್ಕದಲ್ಲಿ ಈ ಅಂಕಿ ಬರೆದರೆ ಸಾಮರ್ಥ್ಯದ ಸೂತ್ರ ಮಕ್ಕಳ ಮನಸ್ಸಿನಲ್ಲಿ ನಿಲ್ಲುತ್ತದೆ. ಇದೇ ಲೆಕ್ಕದಿಂದ ಇನ್ನೊಂದು ಉಪಯುಕ್ತ ಸಂಗತಿ ಹೊರಡುತ್ತದೆ. ಸಂಗಮದೂರವನ್ನು ಅಳೆಯುವುದು ಗುಂಡಿನ ಕೇಂದ್ರದಿಂದ. ತ್ರಿಜ್ಯ 1.19 ಮಿ.ಮೀ. ಕಳೆದರೆ ಗುಂಡಿನ ಮೇಲ್ಮೈಗೂ ಮಾದರಿಗೂ ನಡುವೆ ಉಳಿಯುವುದು ಅರ್ಧ ಮಿಲಿಮೀಟರಿಗಿಂತ ತುಸು ಹೆಚ್ಚು ಜಾಗ. ದಪ್ಪ ಎಲೆ, ಇರುವೆ, ಉಬ್ಬಿದ ನೀರಿನ ಹನಿ ಇಟ್ಟರೆ ಗುಂಡಿಗೇ ತಾಗುತ್ತವೆ. ಫೋಕಸ್ ಆಗುವುದಿಲ್ಲ ಎಂಬ ದೂರುಗಳಲ್ಲಿ ಹೆಚ್ಚಿನವು ಇಲ್ಲಿಂದಲೇ ಹುಟ್ಟುತ್ತವೆ.

ಜೋಡಣೆಗೆ ಒಂದು ಪೂರ್ತಿ ಪೀರಿಯಡ್ ಮೀಸಲಿಡಿ. ಅದೇ ದಿನ ಮಾದರಿ ತೋರಿಸುವ ಆಸೆ ಬೇಡ. 40 ನಿಮಿಷದಲ್ಲಿ ಎರಡೂ ಆಗುವುದಿಲ್ಲ, ಅವಸರದಲ್ಲಿ ಜೋರಾಗಿ ಎಳೆದರೆ ಈ ಗಟ್ಟಿ ಹಾಳೆಯ ಮೂಲೆಯೂ ಹರಿಯಬಹುದು. ಪ್ರತಿ ಮಡಿಕೆಯನ್ನೂ ಮೊದಲು ಉಗುರಿನಿಂದ ಗಟ್ಟಿಯಾಗಿ ಉಜ್ಜಿ, ಬಿಚ್ಚಿ, ಹಿಮ್ಮುಖವಾಗಿಯೂ ಒಮ್ಮೆ ಮಡಚಿಸಿ. ಮಡಿಕೆ ಅರೆಬರೆಯಾದರೆ ಮಸೂರದ ತುಂಡು ಬಾಗಿ ನಿಂತು, ದೃಶ್ಯದ ಒಂದು ಬದಿ ಸ್ಪಷ್ಟ, ಇನ್ನೊಂದು ಬದಿ ಮಸುಕು ಆಗುತ್ತದೆ. ನೋಟದ ಒಂದು ಅಂಚಿನಲ್ಲಿ ಕಪ್ಪು ಅರ್ಧಚಂದ್ರ ಕಂಡರೆ ಬೆಳಕಿನ ರಂಧ್ರ ಮತ್ತು ಮಸೂರದ ರಂಧ್ರ ನೇರಕ್ಕೆ ಬಂದಿಲ್ಲ ಎಂದರ್ಥ. ತುಂಡುಗಳನ್ನು ಪೂರ್ತಿ ಒಳಕ್ಕೆ ತಳ್ಳಿದರೆ ಸರಿಹೋಗುತ್ತದೆ. ಎರಡೂ ಹೆಬ್ಬೆರಳಿನಿಂದ ಜಾರಿಸಿ ಫೋಕಸ್ ಮಾಡುವ ಭಾಗ ಸಡಿಲವಾಗಿದ್ದರೆ ಕೈ ಬಿಟ್ಟ ಕೂಡಲೇ ಚಿತ್ರ ಮಸುಕಾಗುತ್ತದೆ. ಆ ಸಂದಿಗೆ ನೋಟ್‌ಬುಕ್ಕಿನ ಹಾಳೆಯ ಸಣ್ಣ ಪಟ್ಟಿ ಸೇರಿಸಿದರೆ ಬಿಗಿಯಾಗುತ್ತದೆ. ಕೊನೆಯಲ್ಲಿ ಹೆಸರಿನ ಬದಲು ಒಂದೊಂದಕ್ಕೂ ಸಂಖ್ಯೆ ಬರೆಯಿಸಿ, ಹಾಜರಿ ಪುಸ್ತಕದ ಕ್ರಮದಲ್ಲಿ ಜೋಡಿಗಳಿಗೆ ಹಂಚಿ. ಕೆಂಗಣ್ಣು ಹರಡುವ ದಿನಗಳಲ್ಲಿ ಇದು ಬಹಳ ಮುಖ್ಯ, ಏಕೆಂದರೆ ಕಣ್ಣನ್ನು ಮಸೂರಕ್ಕೆ ಬಹುತೇಕ ತಾಗಿಸಿಯೇ ನೋಡಬೇಕು. ಕಣ್ಣು ಕೆಂಪಾದ ಮಗುವಿಗೆ ಫೋನಿನ ಪರದೆಯಲ್ಲಿ ತೋರಿಸಿ. ಕನ್ನಡಕ ಹಾಕುವ ಮಕ್ಕಳು ತೆಗೆದಿಟ್ಟು ನೋಡಬಹುದು. ಸಮೀಪದೃಷ್ಟಿ, ದೂರದೃಷ್ಟಿಯ ವ್ಯತ್ಯಾಸ ಫೋಕಸ್ ಮಾಡುವಾಗ ಸರಿಯಾಗುತ್ತದೆ.

ಬೆಳಕಿನ ವಿಷಯದಲ್ಲಿ ನಮ್ಮ ಮಳೆಗಾಲ ಅನೇಕರು ಅಂದುಕೊಳ್ಳುವಷ್ಟು ಕೆಟ್ಟದ್ದೇನಲ್ಲ. ಮೋಡ ಕವಿದ ಆಕಾಶ ಎಲ್ಲ ಕಡೆಯಿಂದ ಸಮನಾದ ಬಿಳಿ ಬೆಳಕು ಕೊಡುತ್ತದೆ, ನೋಟವೆಲ್ಲ ಒಂದೇ ಸಮನೆ ಬೆಳಗುತ್ತದೆ. ತೊಂದರೆ ಇರುವುದು ಕಟ್ಟಡದಲ್ಲಿ. ಹೆಂಚಿನ ಇಳಿಮಾಡು, ಸಣ್ಣ ಕಿಟಕಿ, ಅದಕ್ಕೆ ಹೊಡೆದ ಜಾಲರಿ, ಮೇಲಿಂದ ಕರೆಂಟು ಹೋದರೆ ಮುಗಿಯಿತು. ಮಕ್ಕಳನ್ನು ವರಾಂಡಕ್ಕೆ ಕರೆತಂದು ಆಕಾಶದ ಕಡೆ ಮುಖ ಮಾಡಿಸಿ. ಕೋಣೆಯೊಳಗೇ ಆಗಬೇಕೆಂದರೆ ಫೋನಿನ ಟಾರ್ಚಿನ ಮೇಲೆ ಬಿಳಿ ಹಾಳೆಯ ಒಂದು ಪದರ ಅಂಟಿಸಿ ಗೋಡೆಗೆ ಒರಗಿಸಿಟ್ಟರೆ ನಾಲ್ಕೈದು ಜನ ಅದರತ್ತ ನೋಡಬಹುದು. ಹಾಳೆಯಿಲ್ಲದ ಬರಿಯ ಎಲ್‌ಇಡಿಗೆ ಹಿಡಿದರೆ ಕಣ್ಣು ಕುಕ್ಕುತ್ತದೆ, ಮಾದರಿ ತೊಳೆದುಹೋದಂತೆ ಕಾಣುತ್ತದೆ. ಬಿಸಿಲಿನ ತಿಂಗಳುಗಳಲ್ಲಿ ಒಂದು ನಿಯಮವನ್ನು ಬೋರ್ಡಿನ ಮೇಲೆ ದೊಡ್ಡದಾಗಿ ಬರೆಯಬೇಕು: ಸೂರ್ಯನ ಕಡೆಗೆ ಯಾವತ್ತೂ ಹಿಡಿಯಕೂಡದು. ಪ್ರಬಲ ಮಸೂರದ ಮೂಲಕ ಸೂರ್ಯನನ್ನು ನೋಡಿದರೆ ಕಣ್ಣಿನ ಅಕ್ಷಿಪಟಲ ಶಾಶ್ವತವಾಗಿ ಹಾಳಾಗಬಹುದು.

ಈಗ ಪಾಠಗಳಿಗೆ ಬರೋಣ. ಒಂಬತ್ತನೇ ತರಗತಿಯ ಕೋಶದ ಪಾಠವನ್ನು ಎಲ್ಲರೂ ಈರುಳ್ಳಿ ಸಿಪ್ಪೆಯಿಂದ ಶುರು ಮಾಡುತ್ತಾರೆ. ಫೋಲ್ಡ್‌ಸ್ಕೋಪಿಗೆ ಅದಕ್ಕಿಂತ ಒಳ್ಳೆಯ ಆರಂಭ ಗೋಡೆಯ ಮೇಲಿನ ಹಾವಸೆ (ಮಾಸ್). ಜಂಬಿಟ್ಟಿಗೆ ಕಟ್ಟೆಯ ಮೇಲೆ ಹಸಿರು ಮಖಮಲ್ಲಿನಂತೆ ಹಬ್ಬಿರುವ ಆ ಪುಟ್ಟ ಸಸ್ಯದ ಎಲೆ, ನಡುನರ ಬಿಟ್ಟರೆ ಸಾಮಾನ್ಯವಾಗಿ ಒಂದೇ ಕೋಶದಷ್ಟು ದಪ್ಪ. ಬ್ಲೇಡು ಬೇಡ, ಬಣ್ಣ ಬೇಡ. ಒಂದು ಎಲೆ ಕಿತ್ತು ಅರ್ಧ ಹನಿ ನೀರಿನಲ್ಲಿಟ್ಟು ಕವರ್ ಸ್ಲಿಪ್ ಮುಚ್ಚಿದರೆ ಕೋಶಭಿತ್ತಿಯ ಜಾಲ, ಒಳಗೆ ಹಸಿರು ಕಾಳುಗಳಂತೆ ಕ್ಲೋರೋಪ್ಲಾಸ್ಟುಗಳು ಒಮ್ಮೆಗೇ ಕಾಣುತ್ತವೆ. ಈರುಳ್ಳಿಯಲ್ಲಿ ಕ್ಲೋರೋಪ್ಲಾಸ್ಟ್ ಇಲ್ಲ ಎಂಬುದನ್ನು ಇದರ ಪಕ್ಕದಲ್ಲಿಟ್ಟು ತೋರಿಸಿದರೆ "ಎಲ್ಲ ಸಸ್ಯಕೋಶದಲ್ಲೂ ಹಸಿರು ಇರುತ್ತದೆ" ಎಂಬ ತಪ್ಪು ಕಲ್ಪನೆ ಅಲ್ಲೇ ಕರಗುತ್ತದೆ. ಆರಿಸುವಾಗ ಎಲೆ ಅಗಲವಾಗಿ, ಮೆತ್ತಗೆ, ಅರೆಪಾರದರ್ಶಕವಾಗಿ ಇರುವ ಹಾವಸೆಯನ್ನೇ ಆರಿಸಿ. ಒರಟಾಗಿ, ಬೂದುಬಣ್ಣಕ್ಕೆ ತಿರುಗಿದ ಜಾತಿಗಳಲ್ಲಿ ಕೋಶ ತೀರ ಚಿಕ್ಕದು, 140 ಪಟ್ಟಿಗೆ ಬರೀ ಹಸಿರು ಮಬ್ಬು. ಮಣ್ಣಿನ ಕಣ ಹೋಗುವಂತೆ ಮೊದಲು ತಟ್ಟೆಯ ನೀರಿನಲ್ಲಿ ಅಲುಗಾಡಿಸಿ ತೊಳೆಯುವುದನ್ನು ಮರೆಯಬಾರದು. ಒಂದು ಮರಳಿನ ಕಣ ಸಿಕ್ಕಿಕೊಂಡರೂ ಕವರ್ ಸ್ಲಿಪ್ ಎತ್ತಿ ನಿಲ್ಲುತ್ತದೆ, ಆ ಅರ್ಧ ಮಿಲಿಮೀಟರ್ ಜಾಗ ಅಷ್ಟಕ್ಕೇ ಮುಗಿಯುತ್ತದೆ.

ಇದೇ ಸ್ಲೈಡಿನಲ್ಲಿ ಅಭಿಸರಣೆಯ ಪಾಠವೂ ಆಗುತ್ತದೆ. 100 ಮಿ.ಲೀ. ನೀರಿಗೆ 10 ಗ್ರಾಂ ಉಪ್ಪು ಕರಗಿಸಿ, ಕವರ್ ಸ್ಲಿಪ್ಪಿನ ಒಂದು ಅಂಚಿಗೆ ಒಂದು ಹನಿ ಬಿಟ್ಟು, ಎದುರು ಅಂಚಿಗೆ ಬ್ಲಾಟಿಂಗ್ ಕಾಗದ ಹಿಡಿದರೆ ಉಪ್ಪುನೀರು ಒಳಕ್ಕೆ ಸರಿಯುತ್ತದೆ. ಕೆಲವು ನಿಮಿಷದಲ್ಲಿ ಹಸಿರು ಭಾಗ ಕೋಶಭಿತ್ತಿಯಿಂದ ಬಿಟ್ಟು ಒಳಗೆ ಮುದುಡುತ್ತದೆ. ರಿಯೋ ಗಿಡದ ಎಲೆಯ ಕೆಳಗಿನ ನೇರಳೆ ಸಿಪ್ಪೆ ಸಿಕ್ಕಿದರೆ ಇನ್ನೂ ಚೆನ್ನ, ಬಣ್ಣ ಇರುವುದರಿಂದ ಮುದುಡಿದ್ದು ಎದ್ದು ಕಾಣುತ್ತದೆ. ಉಪ್ಪುನೀರು ಸ್ಲೈಡಿನಿಂದ ಹೊರಗೆ ಹರಿದರೆ ಫೋನಿಗೆ ಜೋಡಿಸುವ ಅಯಸ್ಕಾಂತಕ್ಕೆ ತುಕ್ಕು ಬರುತ್ತದೆ, ಒರೆಸಿಯೇ ಒಳಗೆ ಸೇರಿಸಬೇಕು.

ಈರುಳ್ಳಿ ಸಿಪ್ಪೆಗೆ ಬಣ್ಣ ಬೇಕೇ ಬೇಕು. ಸ್ಯಾಫ್ರನಿನ್ ಮುಗಿದಿದ್ದರೆ ಔಷಧಿ ಅಂಗಡಿಯ ಪೊವಿಡೋನ್ ಅಯೋಡಿನ್ ದ್ರಾವಣವನ್ನು ನಾಲ್ಕೈದು ಪಟ್ಟು ನೀರಿಗೆ ಬೆರೆಸಿ ಎರಡು ನಿಮಿಷ ಇಟ್ಟು ತೊಳೆದರೆ ಕೋಶಕೇಂದ್ರ ಹಳದಿ-ಕಂದು ಚುಕ್ಕೆಯಾಗಿ ಕಾಣುತ್ತದೆ. ಹೆಚ್ಚು ಹೊತ್ತು ಬಿಟ್ಟರೆ ಇಡೀ ಸಿಪ್ಪೆ ಕಂದಾಗಿ ಏನೂ ತೋರದು. ಕೆನ್ನೆಯ ಕೋಶಗಳನ್ನು ಮಿಥಿಲೀನ್ ಬ್ಲೂ ಹಾಕಿ ಸಲೀಸಾಗಿ ನೋಡಬಹುದು. ಕಡ್ಡಿಯನ್ನು ಒಬ್ಬರು ಬಳಸಿದ ಮೇಲೆ ಎಸೆಯಬೇಕು, ಅಷ್ಟೇ.

ಪತ್ರರಂಧ್ರದ ಪಾಠಕ್ಕೆ ಉಗುರುಬಣ್ಣದ ಅಚ್ಚು ಈ ಉಪಕರಣಕ್ಕೆ ಹೇಳಿ ಮಾಡಿಸಿದ ವಿಧಾನ. ದಾಸವಾಳದ ಎಲೆಯ ಕೆಳಮೈಗೆ ಬಣ್ಣವಿಲ್ಲದ ಉಗುರುಬಣ್ಣವನ್ನು ತೆಳ್ಳಗೆ ಬಳಿದು, ಹತ್ತು ನಿಮಿಷ ಒಣಗಿಸಿ, ಪಾರದರ್ಶಕ ಅಂಟುಪಟ್ಟಿ ಒತ್ತಿ ಎಳೆದರೆ ಅಚ್ಚು ಪಟ್ಟಿಗೆ ಬರುತ್ತದೆ. ಅದನ್ನು ಕಾಗದದ ಸ್ಲೈಡಿನ ತೂತಿನ ಮೇಲೆ ಅಂಟಿಸಿದರೆ ಮುಗಿಯಿತು. ನೀರಿಲ್ಲ, ಸೋರುವುದಿಲ್ಲ, ಮುಂದಿನ ವರ್ಷಕ್ಕೂ ಉಳಿಯುತ್ತದೆ. ಆದರೆ ಆರಿದ್ರೆ, ಪುನರ್ವಸು ಮಳೆಯ ದಿನಗಳಲ್ಲಿ ಈ ವಿಧಾನ ಕೈಕೊಡುವುದುಂಟು. ಗಾಳಿಯ ತೇವ ಹೆಚ್ಚಿದ್ದಾಗ ಬಣ್ಣದ ದ್ರಾವಕ ಆರುತ್ತಾ ಮೇಲ್ಮೈಯನ್ನು ತಣ್ಣಗಾಗಿಸಿ ತೇವವನ್ನು ಎಳೆದುಕೊಳ್ಳುತ್ತದೆ, ಪದರ ಹಾಲಿನಂತೆ ಬೆಳ್ಳಗಾಗಿ ಅಚ್ಚು ಕಾಣುವುದಿಲ್ಲ. ಎಲೆಯನ್ನು ಹಿಂದಿನ ಸಂಜೆಯೇ ಕಿತ್ತು ಒಣಬಟ್ಟೆಯಿಂದ ಒರೆಸಿ, ಪುಸ್ತಕದ ನಡುವೆ ಇಟ್ಟು, ಬಳಿಯುವಾಗ ಬಲ್ಬಿನ ಹತ್ತಿರ ಹಿಡಿದರೆ ಈ ತೊಂದರೆ ತಪ್ಪುತ್ತದೆ. ಮೇಲ್ಮೈ, ಕೆಳಮೈ ಎರಡರ ಅಚ್ಚನ್ನೂ ತೆಗೆಸಿ ಎಣಿಸಲು ಹೇಳಿ. ಎಣಿಸುವ ಕೆಲಸ ಕೊಟ್ಟರೆ ಮಕ್ಕಳು ನೋಡುವ ರೀತಿಯೇ ಬದಲಾಗುತ್ತದೆ, ಎಫ್.ಎ. (ರೂಪಣಾತ್ಮಕ ಮೌಲ್ಯಮಾಪನ) ಚಟುವಟಿಕೆಗೂ ಸೈ.

ಎಂಟನೇ ತರಗತಿಯ ಸೂಕ್ಷ್ಮಜೀವಿಗಳ ಪಾಠದಲ್ಲಿ ಎಚ್ಚರ ಬೇಕು. ಮೊಸರಿನ ಬ್ಯಾಕ್ಟೀರಿಯಾ ತೋರಿಸುತ್ತೇವೆ ಎಂದು ಮಕ್ಕಳಿಗೆ ಮಾತು ಕೊಡಬೇಡಿ. ಲ್ಯಾಕ್ಟೋಬ್ಯಾಸಿಲಸ್ ಸುಮಾರು ಒಂದು ಮೈಕ್ರೋಮೀಟರಿನಷ್ಟು ಸಣಕಲು, ಇದರ ಮಿತಿಗಿಂತ ಕೆಳಗೆ. ಮೊಸರಿನ ಹನಿಯಲ್ಲಿ ಕಾಣುವ ಗುಂಡುಗಳು ಕೊಬ್ಬಿನ ಹನಿಗಳು. ಅವನ್ನೇ ಬ್ಯಾಕ್ಟೀರಿಯಾ ಎಂದು ಚಿತ್ರ ಬರೆಯಿಸಿದರೆ ಪಾಠವೇ ತಪ್ಪಾಗುತ್ತದೆ. ಇಲ್ಲಿ ಲ್ಯಾಬಿನ ಸೂಕ್ಷ್ಮದರ್ಶಕದ ಹೆಚ್ಚು ವರ್ಧನೆಯ ಮಸೂರವೇ ಬೇಕು, ಬಣ್ಣ ಹಾಕಿದ ಸ್ಲೈಡೂ ಬೇಕು. ಯೀಸ್ಟ್ ಕಾಣುತ್ತದೆ, ಆದರೆ ಸಣ್ಣ ಚುಕ್ಕೆಗಳಾಗಿ. ಮೊಗ್ಗು ಮೂಡುವುದನ್ನು ಎಲ್ಲ ಮಕ್ಕಳೂ ಗುರುತಿಸಲಾರರು. ಬ್ರೆಡ್ಡಿನ ಬೂಸ್ಟು ಮಾತ್ರ ಅದ್ಭುತವಾಗಿ ಒದಗುತ್ತದೆ, ಮಳೆಗಾಲದಲ್ಲಿ ಬ್ರೆಡ್ಡಿನ ತುಂಡು ಡಬ್ಬಿಯಲ್ಲಿಟ್ಟರೆ ಮೂರ್ನಾಲ್ಕು ದಿನ ಸಾಕು. ಡಬ್ಬಿಯ ಮುಚ್ಚಳವನ್ನು ತರಗತಿಯಲ್ಲಿ ತೆರೆದು ಊದಬಾರದು, ಉಬ್ಬಸ ಇರುವ ಮಕ್ಕಳಿಗೆ ಬೀಜಕಗಳು ತೊಂದರೆ ಕೊಡುತ್ತವೆ. ಶಿಕ್ಷಕರೇ ವರಾಂಡದಲ್ಲಿ ಅಂಟುಪಟ್ಟಿಯಿಂದ ಮೆತ್ತಗೆ ಮುಟ್ಟಿ ತೆಗೆದು ಸ್ಲೈಡಿಗೆ ಅಂಟಿಸಿ ಕೊಡುವುದು ಕ್ಷೇಮ.

ನಮ್ಮ ಸೀಮೆಯ ಮಕ್ಕಳಿಗೆ ಇದಕ್ಕಿಂತಲೂ ಹತ್ತಿರದ ಮಾದರಿ ಅಡಕೆಯ ಕೊಳೆರೋಗ. ಮನೆಯಲ್ಲಿ ಬೋರ್ಡೋ ದ್ರಾವಣ ಹೊಡೆಯುವುದನ್ನು ನೋಡಿಯೇ ಬೆಳೆದ ಮಕ್ಕಳಿವರು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಎಂಬ ಲೆಕ್ಕ ಅವರಿಗೆ ಬಾಯಿಪಾಠ. ಯಾವುದನ್ನು ತಡೆಯಲು ಆ ಔಷಧಿ ಎಂಬುದನ್ನು ಕಣ್ಣಾರೆ ತೋರಿಸುವ ಅವಕಾಶ ಬಿಡಬಾರದು. ಹೊಸದಾಗಿ ಉದುರಿದ, ತೊಟ್ಟಿನ ಬಳಿ ನೀರು ನೆನೆದಂತೆ ಕಲೆ ಇರುವ ಹಸಿರು ಕಾಯಿ ಬೇಕು. ಒದ್ದೆ ಹತ್ತಿಯ ಜೊತೆ ಮುಚ್ಚಿದ ಡಬ್ಬಿಯಲ್ಲಿ ಒಂದೆರಡು ದಿನ ಇಟ್ಟರೆ ಬಿಳಿ ಎಳೆಗಳು ಮೂಡುತ್ತವೆ. ಸೂಜಿಯಿಂದ ತುಸು ಎಳೆ ತೆಗೆದು ನೀರಿನ ಹನಿಯಲ್ಲಿ ಬಿಡಿಸಿ ನೋಡಿದರೆ ನೂಲುಗಳು, ಅವುಗಳ ತುದಿಯಲ್ಲಿ ಅಂಡಾಕಾರದ ಬೀಜಕಚೀಲಗಳು ಕಾಣುತ್ತವೆ. ತಣ್ಣನೆಯ ನೀರಿನಲ್ಲಿ ಅರ್ಧ ಗಂಟೆಯಿಂದ ಒಂದು ಗಂಟೆ ಬಿಟ್ಟರೆ ಆ ಚೀಲಗಳಿಂದ ಈಜುವ ಬೀಜಕಗಳು ಹೊರಬರುತ್ತವೆ. ಫೋಲ್ಡ್‌ಸ್ಕೋಪಿನಲ್ಲಿ ಅವು ಓಡಾಡುವ ಚುಕ್ಕೆಗಳು ಮಾತ್ರ, ಆದರೆ ರೋಗ ಮಳೆಯಲ್ಲೇ ಏಕೆ ಹರಡುತ್ತದೆ ಎಂಬುದಕ್ಕೆ ಅಷ್ಟು ಸಾಕು. ಹಳೆಯ, ಕಪ್ಪಾದ ಕಾಯಿ ತಂದರೆ ಮೇಲೆ ಬೇರೆ ಬೂಸ್ಟುಗಳು ಹತ್ತಿರುತ್ತವೆ, ಮಕ್ಕಳು ನೋಡುವುದು ಅವನ್ನೇ. ಕೊಳೆರೋಗ ತರುವ ಫೈಟಾಫ್ತೊರ ಎಂಬ ಜೀವಿ ಇಂದಿನ ವರ್ಗೀಕರಣದಲ್ಲಿ ನಿಜವಾದ ಶಿಲೀಂಧ್ರಗಳ ಗುಂಪಿಗೆ ಸೇರುವುದಿಲ್ಲ ಎಂಬುದನ್ನೂ ಒಂದು ಮಾತಿನಲ್ಲಿ ಹೇಳಬೇಕು. ನೋಡಿ ಮುಗಿದ ಕಾಯಿಯನ್ನು ತೋಟಕ್ಕೆ ಎಸೆಯದೆ ಸುಡಿಸಿ.

ಕೆರೆ, ಗದ್ದೆಯ ನೀರಿನ ಪಾಠದಲ್ಲಿ ಉಪಕರಣದ ಒಂದು ಸ್ವಭಾವ ಅಡ್ಡ ಬರುತ್ತದೆ. ಲ್ಯಾಬಿನ ಸೂಕ್ಷ್ಮದರ್ಶಕದಲ್ಲಿ ಸ್ಲೈಡ್ ಮಲಗಿರುತ್ತದೆ, ಇಲ್ಲಿ ಬೆಳಕಿಗೆ ಎತ್ತಿ ಹಿಡಿದಾಗ ನಿಲ್ಲುತ್ತದೆ. ಹನಿ ದೊಡ್ಡದಾದರೆ ಜಾರಿ ಕಾಗದದೊಳಗೆ ಇಳಿಯುತ್ತದೆ. ಅರ್ಧ ಹನಿ, ಮೇಲೆ ಕವರ್ ಸ್ಲಿಪ್, ಅಂಚಿನ ಹೆಚ್ಚುವರಿ ನೀರನ್ನು ಬ್ಲಾಟಿಂಗ್ ಕಾಗದದಿಂದ ಹೀರಿಸಿದ ಮೇಲೆಯೇ ಒಳಗೆ ಸೇರಿಸಬೇಕು. ಪ್ಯಾರಾಮೀಶಿಯಂ ಬೇಕಿದ್ದರೆ ಒಂದು ಹಿಡಿ ಭತ್ತದ ಹುಲ್ಲನ್ನು ಒಂದು ಲೀಟರ್ ನೀರಿನಲ್ಲಿ ಕುದಿಸಿ, ತಣಿಸಿ, ಒಂದು ಲೋಟ ಕೆರೆನೀರು ಬೆರೆಸಿ ಬಾಯಿ ಬಿಟ್ಟು ನೆರಳಿನಲ್ಲಿಡಿ. ಸುಮಾರು ಒಂದು ವಾರದಲ್ಲಿ ನೀರಿನ ಮೇಲ್ಪದರದ ಬಳಿ ಸಿಗುತ್ತವೆ. ವೇಗವಾಗಿ ಓಡುವ ಅವನ್ನು ತಡೆಯಲು ಹನಿಯಲ್ಲಿ ನಾಲ್ಕೈದು ಎಳೆ ಹತ್ತಿ ಬಿಡಿಸಿ ಹಾಕಿದರೆ ಸಂದಿಯಲ್ಲಿ ಸಿಕ್ಕಿ ನಿಲ್ಲುತ್ತವೆ. ಅಮೀಬಾ ಹುಡುಕುವುದರಲ್ಲಿ ಪೀರಿಯಡ್ ಕಳೆಯಬೇಡಿ. ಸ್ಪೈರೋಗೈರ ಬೇಕೆಂದರೆ ಮಳೆಯ ಹೊಡೆತ ತಗ್ಗಿದ ಮೇಲೆ ನಿಂತ ತಿಳಿನೀರಿನಲ್ಲಿ ತೇಲುವ, ಬೆರಳಿಗೆ ಲೋಳೆಯಂತೆ ಜಾರುವ ಹಸಿರು ಎಳೆ ನೋಡಿ. ಒರಟಾಗಿ ಹತ್ತಿಯಂತಿದ್ದರೆ ಅದು ಬೇರೆ ಪಾಚಿ. ಅಜೋಲ್ಲ ಬೆಳೆಸುವ ಮನೆಯ ಮಗುವಿದ್ದರೆ ನಾಲ್ಕು ಎಲೆ ತರಿಸಿ, ಎರಡು ಸ್ಲೈಡಿನ ನಡುವೆ ಚೆನ್ನಾಗಿ ಅರೆದು ನೋಡಿ. ಎಲೆಯೊಳಗಿದ್ದು ಸಾರಜನಕ ಹಿಡಿದುಕೊಡುವ ಅನಬೀನ ಎಂಬ ಸೂಕ್ಷ್ಮಜೀವಿ ಸಣ್ಣ ಮಣಿಸರದಂತೆ ಕಾಣುತ್ತದೆ.

ಜರಿಗಿಡದ ಎಲೆಯ ಹಿಂದಿನ ಕಂದು ಚುಕ್ಕೆಯನ್ನು ಕೆರೆದು ಒಣ ಸ್ಲೈಡಿನ ಮೇಲೆ ಹಾಕಿ, ಅಂಚಿಗೆ ಒಂದು ಹನಿ ಗ್ಲಿಸರಿನ್ ಬಿಟ್ಟು ನೋಡುವ ಪಾಠವನ್ನು ಬಿಡಲೇಬಾರದು. ಗ್ಲಿಸರಿನ್ ನೀರನ್ನು ಸೆಳೆಯುತ್ತಿದ್ದಂತೆ ಬೀಜಕಚೀಲದ ಬೆನ್ನಿನ ಉಂಗುರ ಹಿಂದಕ್ಕೆ ಬಾಗಿ, ಫಟ್ಟನೆ ಮುಂದಕ್ಕೆ ಚಿಮ್ಮುತ್ತದೆ. ಹಸಿರು ಚುಕ್ಕೆ ಇನ್ನೂ ಎಳಸು, ತಿಳಿ ಕಂದು ಆದದ್ದು ಬೇಕು. ದಾಸವಾಳದ ಮುಳ್ಳುಮುಳ್ಳು ಪರಾಗವೂ ಸುಲಭ, ಆದರೆ ಗಾತ್ರ ದೊಡ್ಡದು, ನಾಲ್ಕಾರು ಕಾಳು ಉದುರಿಸಿದರೆ ಸಾಕು.

ಶಿಕ್ಷಕರ ಫೋನಿನ ಕ್ಯಾಮೆರಾಕ್ಕೆ ಅಯಸ್ಕಾಂತದ ಉಂಗುರದಿಂದ ಫೋಲ್ಡ್‌ಸ್ಕೋಪ್ ಅಂಟಿಸಿ ಸ್ಮಾರ್ಟ್ ಕ್ಲಾಸ್ ಪರದೆಗೆ ತೋರಿಸಬಹುದು. ಎರಡು ಮೂರು ಮಸೂರಗಳಿರುವ ಫೋನುಗಳು ಹತ್ತಿರದ ವಸ್ತು ಕಂಡ ಕೂಡಲೇ ತಾವಾಗಿ ಬೇರೆ ಮಸೂರಕ್ಕೆ ಜಿಗಿಯುತ್ತವೆ, ಪರದೆ ಕಪ್ಪಾಗುತ್ತದೆ. ಮುಖ್ಯ ಮಸೂರವನ್ನೇ ಆರಿಸಿ, ಮ್ಯಾಕ್ರೋ ಆಯ್ಕೆಯನ್ನು ಆಫ್ ಮಾಡಿಟ್ಟು, ಎರಡು ಪಟ್ಟು ಜೂಮ್ ಮಾಡಿದರೆ ಚಿತ್ರ ಪರದೆ ತುಂಬುತ್ತದೆ. ಆದರೆ ಪರದೆಯಿಂದ ಪಾಠ ಶುರು ಮಾಡಬೇಡಿ. ಮಕ್ಕಳು ಮೊದಲು ತಾವೇ ನೋಡಿ, ಪೆನ್ಸಿಲಿನಲ್ಲಿ ಚಿತ್ರ ಬರೆದ ಮೇಲೆ ಪರದೆ ತೆರೆಯಲಿ. ಇಲ್ಲದಿದ್ದರೆ ಎಸ್ಸೆಸ್ಸೆಲ್ಸಿಗೆ ಉರುಹೊಡೆದ ಪುಸ್ತಕದ ಚಿತ್ರವನ್ನೇ ಬರೆದುಕೊಡುತ್ತಾರೆ. ಗಾತ್ರದ ಅಂದಾಜಿಗೆ ತಲೆಗೂದಲೊಂದನ್ನು ಮಾದರಿಯ ಪಕ್ಕ ಇಡಿಸಿ. ಅದರ ದಪ್ಪ 50ರಿಂದ 100 ಮೈಕ್ರೋಮೀಟರ್, ಹೋಲಿಸಿ ಹೇಳಲು ಸಾಕು.

ಕಾಗದ ನೀರಿಗೆ ಜಗ್ಗದಿದ್ದರೂ ಅಂಟು, ಅಯಸ್ಕಾಂತ, ಗಾಜು ನಮ್ಮ ತೇವಕ್ಕೆ ಜಗ್ಗುತ್ತವೆ. ಗಾಜಿನ ಮೇಲೆ ಬೂಸ್ಟು ಹತ್ತಿದರೆ ಎಲ್ಲ ಮಾದರಿಯಲ್ಲೂ ಒಂದೇ ಜಾಗದಲ್ಲಿ ಒಂದೇ ಜೇಡರಬಲೆ ಕಾಣುತ್ತದೆ. ಬಳಸಿದ ಮೇಲೆ ಬಿಚ್ಚಿ, ಹತ್ತಿಯಿಂದ ಗುಂಡನ್ನು ಒರೆಸಿ, ಫ್ಯಾನಿನ ಕೆಳಗೆ ಆರಿಸಿ, ಗಾಳಿಯಾಡದ ಸ್ಟೀಲ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಚೀಲಗಳೊಂದಿಗೆ ಇಡಬೇಕು. ಜೆಲ್ ಇಲ್ಲದಿದ್ದರೆ ಹುರಿದು ಆರಿಸಿದ ಅಕ್ಕಿಯನ್ನು ಬಟ್ಟೆಯಲ್ಲಿ ಕಟ್ಟಿಟ್ಟರೂ ನಡೆಯುತ್ತದೆ, ಹದಿನೈದು ದಿನಕ್ಕೊಮ್ಮೆ ಬದಲಿಸಬೇಕು. ಪ್ಲಾಸ್ಟಿಕ್ ಕವರಿನಲ್ಲಿ ಹಸಿಯಾಗಿಯೇ ಸುತ್ತಿಡುವುದು ಎಲ್ಲಕ್ಕಿಂತ ಕೆಟ್ಟ ಪದ್ಧತಿ.

ಕೊಳ್ಳುವಾಗ ತಗಡಿನ ಡಬ್ಬಿ, ಚಿಮುಟ, ಶೋಧಕ ಎಲ್ಲ ಇರುವ ದುಬಾರಿ ಕಿಟ್ ಶಾಲೆಗೆ ಒಂದು ಸಾಕು, ಅದು ಶಿಕ್ಷಕರ ಮೇಜಿಗೆ. ಮಕ್ಕಳಿಗೆ ತರಗತಿಯ ಸರಳ ಕಿಟ್ಟನ್ನೇ ತರಿಸಿ. ಬಿಡಿಭಾಗಗಳ ಖರ್ಚು ಒಂದು ಡಾಲರಿನೊಳಗೆ ಎಂಬ ಮಾತನ್ನು ಮಾರಾಟದ ಬೆಲೆ ಎಂದು ತಿಳಿಯಬಾರದು. ತೆರಿಗೆ, ಸಾಗಣೆ ಸೇರಿಸಿ ಒಂದೊಂದರ ಬೆಲೆ ಎಷ್ಟು ಬೀಳುತ್ತದೆ ಎಂದು ನೋಡಿಯೇ ಎಸ್.ಡಿ.ಎಂ.ಸಿ. (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಮುಂದಿಡಿ. ಇಬ್ಬರಿಗೊಂದರಂತೆ ಲೆಕ್ಕ ಹಾಕಿ, ಹರಿಯುವುದಕ್ಕೆಂದು ಹತ್ತಕ್ಕೊಂದು ಹೆಚ್ಚು ಸೇರಿಸಿ. ಕಾಗದದ ಸ್ಲೈಡುಗಳನ್ನು ದಪ್ಪ ಆಮಂತ್ರಣ ಪತ್ರಿಕೆಗಳನ್ನು 75×25 ಮಿ.ಮೀ. ಅಳತೆಗೆ ಕತ್ತರಿಸಿ, ಪಂಚಿಂಗ್ ಯಂತ್ರದಿಂದ ನಡುವೆ ತೂತು ಮಾಡಿ ಶಾಲೆಯಲ್ಲೇ ತಯಾರಿಸಬಹುದು. ಕವರ್ ಸ್ಲಿಪ್ಪಿನ ಡಬ್ಬಿಗಳನ್ನು ಮಾತ್ರ ಧಾರಾಳವಾಗಿ ತರಿಸಿ, ಮಕ್ಕಳ ಕೈಯಲ್ಲಿ ಮೊದಲು ಒಡೆಯುವುದು ಅವೇ.